ಇಂಜಿನ್ನುಗಳನ್ನು ಒಪ್ಪಿಸಿದ ಮೇಷ್ಟ್ರು

ಉಗಿ ಇಂಜಿನ್ನಿನ ಬ್ರೇಕಿನ ವಿಷಯದಲ್ಲಿ ನಮ್ಮ ರೈಲ್ವೆಯಲ್ಲಿ ಯಾರ ಮಾತು ಕಡೆಯ ಮಾತು ಎಂದು ಕೇಳಿದರೆ, ಕಲ್ಲಿದ್ದಲು ಹೊರುವವರಿಂದ ಹಿಡಿದು ಮುಖ್ಯ ಇಂಜಿನಿಯರರ ತನಕ ಎಲ್ಲರೂ ಕೈ ತೋರಿಸುವುದು ಕಾರ್ಖಾನೆಯ ಹಿಂಬದಿಯಲ್ಲಿರುವ ತರಬೇತಿ ಶಾಲೆಯ ಕಡೆಗೆ. ಅಲ್ಲಿ, ಕರಿಹಲಗೆಗೂ ಕೆಲಸದ ಮೇಜಿಗೂ ನಡುವೆ, ಬೆರಳಿನ ಎಣ್ಣೆಯನ್ನು ಹಳೆಯ ಬಟ್ಟೆಯ ಚೂರಿನಿಂದ ಒರೆಸಿಕೊಳ್ಳುತ್ತ ನಿಂತಿರುವ ನಮ್ಮ ಮೇಷ್ಟ್ರ ಕಡೆಗೆ. ಇಂದು ಈ ದೇಶದ ಯಾವ ಇಳಿಜಾರಿನಲ್ಲಿ ಯಾವ ರೈಲು ನಿಲ್ಲಬೇಕಾದಲ್ಲಿ ನಿಂತರೂ, ಅದನ್ನು ನಿಲ್ಲಿಸಿದ ಕೈ ಒಂದಲ್ಲ ಒಂದು ಕಾಲದಲ್ಲಿ ಅವರಿಂದ ಬೈಸಿಕೊಂಡವನ ಕೈಯೇ ಆಗಿರುತ್ತದೆ. ಬೈಸಿಕೊಂಡ ಎಂದು ಬೇಕೆಂದೇ ಬರೆದಿದ್ದೇನೆ. ಬರಿದೆ ಕಲಿತ ಎಂದು ಬರೆದರೆ ಅವರ ಶಿಷ್ಯರು ನಕ್ಕಾರು. ಅಂಥವರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಅರ್ಪಿಸುವ ಈ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಶಿಷ್ಯೆಯೂ ಈಗ ಅದೇ ಶಾಲೆಯಲ್ಲಿ ಅವರ ಕೈಕೆಳಗಿನ ಶಿಕ್ಷಕಿಯೂ ಆದ ನನ್ನ ಪಾಲಿಗೆ ಬಂದಿದೆ.

ಭಾಗ್ಯ ಎಂದೆ. ಅದರ ಬೆನ್ನಿಗೇ ಬಂದ ಸಂಕಟವನ್ನೂ ಹೇಳಿಬಿಡುತ್ತೇನೆ. ಗ್ರಂಥ ಸಮಿತಿಯ ಕಾರ್ಯದರ್ಶಿಗಳು, ಅವರೂ ಮೇಷ್ಟ್ರ ಶಿಷ್ಯರೇ, ಮನೆಗೆ ಬಂದು, ಕಾಫಿ ಕುಡಿದು, ಬಲು ನಯವಾಗಿ, ಯುದ್ಧ ಸೋತ ಮೇಲಿನ ಆ ಎರಡು ವರ್ಷಗಳ ಸುದ್ದಿ ಮಾತ್ರ ಬೇಡ, ಸಂಧಿಪತ್ರ ಗಿಂಧಿಪತ್ರ ಅಂತ ಸಮಾರಂಭದಲ್ಲಿ ಹಳೆಯ ಹುಣ್ಣು ಕೆರೆಯುವುದೇಕೆ, ಅದರ ಆಚೆ ಈಚೆ ಎಷ್ಟು ಬೇಕಾದರೂ ಬರೆಯಿರಿ ಎಂದರು. ಆ ಎರಡು ವರ್ಷ ಬಿಟ್ಟರೆ ಉಳಿಯುವುದು ಬಡ್ತಿಯ ತಾರೀಕುಗಳು, ಅದಕ್ಕೆ ನಾನೇಕೆ, ಕಚೇರಿಯ ಗುಮಾಸ್ತರು ಸಾಕಲ್ಲ ಎಂದೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಎದ್ದುಹೋದರು. ಅವರ ಮೇಲೆ ನನಗೆ ಕೋಪವಿಲ್ಲ. ನಾನು ಯಾರ ಮಗಳು ಎಂಬುದು ಅವರಿಗೆ ಗೊತ್ತು, ನನ್ನನ್ನು ನೋಯಿಸಬಾರದೆಂದೇ ಹಾಗೆ ಹೇಳಿದರು.

ಓದುಗರಿಗೂ ಗೊತ್ತಿರಲಿ. ಮೇಷ್ಟ್ರು ಅಣಿಮಾಡಿದ ಒಂದು ಇಂಜಿನ್ನು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಉರುಳಿಬಿತ್ತು. ಅದನ್ನು ನಡೆಸುತ್ತಿದ್ದ ಡ್ರೈವರು ಸತ್ತರು. ಅವರು ನನ್ನ ತಂದೆ. ಆವತ್ತಿನಿಂದ ಇವತ್ತಿನವರೆಗೆ ನನ್ನ ತಾಯಿ ಮೇಷ್ಟ್ರ ಜೊತೆ ಒಂದು ಮಾತೂ ಆಡಿಲ್ಲ. ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯ ಕೋರುವುದು ಪದ್ಧತಿ; ಅಮ್ಮನ ಜೊತೆ ಒಂದೇ ಸೂರಿನಡಿ ಇದ್ದುಕೊಂಡು ಆ ವಾಕ್ಯವನ್ನು ನಾನು ಬರೆಯಬಹುದೋ ಬಾರದೋ ಎಂಬುದೇ ನನ್ನ ಸಂಕಟ. ಅದೊಂದನ್ನು ಅವಳನ್ನು ಕೇಳಿಯೇ ಬರೆಯುವುದೆಂದು ನಿಶ್ಚಯಿಸಿ, ಉಳಿದದ್ದನ್ನು ಮೊದಲಿನಿಂದ ಹೇಳುತ್ತ ಹೋಗುತ್ತೇನೆ.

ಮೇಷ್ಟ್ರು ಈ ಕಾರ್ಖಾನೆಗೆ ಬಂದಾಗ ಮೀಸೆ ಚಿಗುರುತ್ತಿದ್ದ ಹುಡುಗ. ಪಕ್ಕದ ಶೆಡ್ಡಿನಲ್ಲಿ ನನ್ನ ತಂದೆ ಆಗಷ್ಟೇ, ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿದ್ದರು. ಇಬ್ಬರೂ ಹಳಿಯ ಪಕ್ಕದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದರು. ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ನಡುಗುವ, ಒಗೆದು ಹಾಕಿದ ಬಟ್ಟೆ ಒಣಗುವ ಮೊದಲೇ ಮಸಿಯಾಗುವ ಕೋಣೆ. ಇವರು ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡವರು, ತಿರುಪು ಅರ್ಧ ಸುತ್ತು ಸಡಿಲವಿದ್ದರೆ ಊಟ ಸೇರುವುದಿಲ್ಲ. ನಮ್ಮಪ್ಪ ನಗುವುದಕ್ಕೆಂದೇ ಹುಟ್ಟಿದವರು, ತಲೆ ಮೇಲೆ ತಲೆ ಬಿದ್ದರೂ ಆಗುತ್ತೆ ಬಿಡು ಎನ್ನುವ ಪೈಕಿ. ಎಣ್ಣೆ ಸೀಗೆಕಾಯಿಯಂಥ ಈ ಇಬ್ಬರು ಹೇಗೆ ಒಂದೇ ಕೋಣೆಯಲ್ಲಿ ಬಾಳಿದರೋ ದೇವರೇ ಬಲ್ಲ. ಅಪ್ಪನಿಗೆ ಮದುವೆಯಾಗಿ ಮನೆ ಮಾಡಿದ ಮೇಲೂ ಮೇಷ್ಟ್ರು ಊಟಕ್ಕೆ ಬರುತ್ತಿದ್ದುದು ನಮ್ಮಲ್ಲಿಗೇ. ಅಮ್ಮ ಅವರನ್ನು ಮನೆಯ ಮಗನ ಹಾಗೆ ಗದರಿಸಿ ಬಡಿಸುತ್ತಿದ್ದಳಂತೆ. ಅವರು ಕೊನೆಗೂ ಮದುವೆಯಾಗಲಿಲ್ಲ. ಬ್ರೇಕುಗಳನ್ನೇ ಕಟ್ಟಿಕೊಂಡಿದ್ದಾನಲ್ಲ ಎಂದು ಅಪ್ಪ ಹಾಸ್ಯ ಮಾಡುತ್ತಿದ್ದರು.

ನಮ್ಮ ಕಾರ್ಖಾನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿದೆ. ರಿಪೇರಿ ಮುಗಿದ ಇಂಜಿನ್ನನ್ನು ಹೊರಗೆ ಬಿಡುವ ಅಧಿಕಾರ ಫೋರ್‌ಮನ್ನನಿಗೂ ಇಲ್ಲ, ಸಾಹೇಬರಿಗೂ ಇಲ್ಲ. ಅದನ್ನು ನಡೆಸಬೇಕಾದ ಡ್ರೈವರು ಮೇಲೆ ಹತ್ತಿ, ಬ್ರೇಕಿನ ಹಿಡಿಯನ್ನು ಮತ್ತೆ ಮತ್ತೆ ಎಳೆದು, ಪ್ರತಿ ಸಲವೂ ಬ್ರೇಕನ್ನು ಒತ್ತಿ ಹಿಡಿಯುವ ಗಾಳಿಯನ್ನು ಪಂಪು ಮತ್ತೆ ತುಂಬಿಸಿ ಗಡಿಯಾರದಂಥ ಆ ಮಾಪಕದ ಮುಳ್ಳು ಮೇಲೇರುವ ತನಕ ಕಾದು, ತೃಪ್ತಿಯಾದ ಮೇಲೆ ಕೆಳಗಿದ್ದವರಿಗೆಲ್ಲ ಕೇಳುವಂತೆ "ಕೈಗೆ ಬಂತು" ಎನ್ನಬೇಕು. ಆ ಮಾತು ಬಿದ್ದರೆ ಗೇಟು ತೆರೆಯುತ್ತದೆ. ಬೀಳದಿದ್ದರೆ, ಮೇಲಿನಿಂದ ಯಾರು ಹಾರಾಡಿದರೂ ಇಂಜಿನ್ನು ಕದಲುವಂತಿಲ್ಲ. ಮುದುಕರ ಕಾಲದಿಂದ ಬಂದ ಈ ಬಾಯಿಮಾತಿನ ಕಟ್ಟಳೆಯನ್ನು ಯುದ್ಧದ ಗಡಿಬಿಡಿಯಲ್ಲೂ ಯಾರೂ ಮುರಿದಿರಲಿಲ್ಲ.

ಮೇಷ್ಟ್ರು ಬ್ರೇಕು ವಿಭಾಗದ ಫೋರ್‌ಮನ್ ಆದ ವರ್ಷವೇ ನಾವು ಯುದ್ಧ ಸೋತೆವು. ಸೋತದ್ದನ್ನು ನಾವು ಕಣ್ಣಾರೆ ಕಂಡವರಲ್ಲ; ಗುಂಡಿನ ಸದ್ದು ಈ ಊರಿನವರೆಗೆ ಬಂದೇ ಇರಲಿಲ್ಲ. ನಮಗೆ ಸೋಲು ಬಂದದ್ದು ಸಂಧಿಪತ್ರದ ರೂಪದಲ್ಲಿ. ನಮ್ಮ ಕಡೆಯ ಪ್ರತಿನಿಧಿಗಳು ಅಲ್ಲಿಗೆ ಹೋದರು, ಮಾತುಕತೆ ಎಂಬುದೇ ನಡೆಯಲಿಲ್ಲ, ಇಲ್ಲಿ ಸಹಿ ಹಾಕಿ ಎಂದರು, ಹಾಕಿ ಬಂದರು. ಗಡಿ ಎಲ್ಲಿಂದ ಎಲ್ಲಿಗೆ ಸರಿಯಿತು, ಸೈನ್ಯ ಎಷ್ಟು ಕುಗ್ಗಿತು ಎಂದು ಕ್ಯಾಂಟೀನಿನಲ್ಲಿ ಒಬ್ಬರು ಪತ್ರಿಕೆ ಓದುತ್ತಿದ್ದರೆ ಜನ ತಟ್ಟೆ ನೋಡುತ್ತ ಕೇಳಿಸಿಕೊಂಡರಂತೆ. ಒಳಪುಟಕ್ಕೆ ಬಂದಾಗ ಅಲ್ಲಿ ನಮ್ಮದೇ ಸುದ್ದಿಯಿತ್ತು. ನಮ್ಮ ರೈಲ್ವೆಯ ಇಂಜಿನ್ನುಗಳಲ್ಲಿ ಅರ್ಧಕ್ಕೂ ಹೆಚ್ಚನ್ನು, ಅದೂ ಒಳ್ಳೆಯವನ್ನೇ ಆರಿಸಿ, ಎಲ್ಲ ಬಿಡಿಭಾಗಗಳ ಸಮೇತ, ಓಡುವ ಸ್ಥಿತಿಯಲ್ಲಿ ಗೆದ್ದವರಿಗೆ ಒಪ್ಪಿಸಬೇಕು; ಅವರ ಪರಿಶೀಲಕರು ಯಾವುದಾದರೂ ಒಂದನ್ನು ಸರಿಯಿಲ್ಲ ಎಂದು ತಿರಸ್ಕರಿಸಿದರೆ ಅದಕ್ಕೆ ಬದಲಾಗಿ ಎರಡನ್ನು ಕೊಡಬೇಕು. ಸಹಿ ಹಾಕಿದವರು ಮನೆಗೆ ಹೋಗಿ ಮಲಗಿದರು, ಆ ಸಹಿಯ ಕೆಲಸ ನಮ್ಮ ಕಾರ್ಖಾನೆಯ ಅಂಗಳಕ್ಕೆ ಬಂದು ಬಿತ್ತು.

ಫಿಟ್ಟರುಗಳಲ್ಲಿ ರಕ್ತ ಬಿಸಿಯಿದ್ದವರು, ಕೊಡುವುದಾದರೆ ಕೆಡಿಸಿಯೇ ಕೊಡೋಣ, ಚಕ್ರದ ಅಚ್ಚು ತಿರುಗುವ ಎಣ್ಣೆಯ ಗುಂಡಿಯೊಳಗೆ ಮರಳು ಸುರಿಯೋಣ, ಗಡಿ ದಾಟಿ ಹತ್ತು ಮೈಲಿ ಹೋಗುವಷ್ಟರಲ್ಲಿ ಚಕ್ರ ಹಿಡಿದುಕೊಳ್ಳಲಿ ಎಂದರು. ಬಹಳ ಜನಕ್ಕೆ ಅದು ಹಿಡಿಸಿತು. ಮೇಷ್ಟ್ರು ಮಾತ್ರ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲೆ ಕುಕ್ಕಿ ಹೇಳಿದರಂತೆ: "ಒಂದು ಕೆಡಿಸಿದರೆ ಎರಡು ಹೋಗ್ತವೆ. ಕೋಪ ನಿಮ್ಮದು, ಇಂಜಿನ್ ಊರಿನದು. ಚಳಿಗಾಲಕ್ಕೆ ಕಲ್ಲಿದ್ದಲು ಯಾರು ತರ್ತಾರೆ, ನಿಮ್ಮ ಕೋಪ ತರುತ್ತಾ?" ಮರಳಿನ ಮಾತು ಅಲ್ಲಿಗೆ ನಿಂತಿತು, ಹಾಗೆಂದು ಯಾರ ಹೊಟ್ಟೆಯೂ ತಣ್ಣಗಾಗಲಿಲ್ಲ.

ಹೊಸ ಬಿಡಿಭಾಗ ಎಲ್ಲಿಂದ ತರುವುದು? ಹಿತ್ತಾಳೆ, ತಾಮ್ರ ಎಲ್ಲವೂ ಯುದ್ಧಕ್ಕೆ ಹೋಗಿತ್ತು. ಉಳಿದದ್ದಕ್ಕೂ ಸಂಧಿಯಲ್ಲೇ ಬೀಗ ಬಿದ್ದಿತ್ತು. ಆಗ ಮೇಷ್ಟ್ರು ಒಂದು ದಾರಿ ಕಂಡುಕೊಂಡರು. ನಮ್ಮಲ್ಲೇ ಉಳಿಯುವ ಇಂಜಿನ್ನುಗಳಿಂದ ಒಳ್ಳೆಯ ಗಾಳಿ ಪಂಪುಗಳನ್ನು ಬಿಚ್ಚಿ, ಹೋಗುವವಕ್ಕೆ ಕೂಡಿಸಿದರು; ಹೋಗುವವುಗಳ ಸವೆದ ಪಂಪುಗಳನ್ನು ತಿಕ್ಕಿ ತೀಡಿ, ಉಳಿಯುವವಕ್ಕೆ ಹಾಕಿದರು. ಸವೆದ ಪಂಪು ಸಮತಟ್ಟಾದ ದಾರಿಯಲ್ಲಿ ಹೇಗೋ ಕೆಲಸ ಮಾಡುತ್ತದೆ. ಇಳಿಜಾರಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು, ಪ್ರತಿ ಹಿಡಿತಕ್ಕೂ ಗಾಳಿ ತುಂಬಿಕೊಳ್ಳಬೇಕು. ಅಷ್ಟು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಆ ಇಂಜಿನ್ನುಗಳನ್ನು ಬೆಟ್ಟದ ದಾರಿಗೆ ಬಿಡಬಾರದೆಂದು ಮೇಷ್ಟ್ರು ಸಂಚಾರ ಕಚೇರಿಗೆ ಹೋಗಿ ಹೇಳಿ, ಅವರ ತಲೆ ತಿಂದು, ಒಪ್ಪಿಸಿ ಬಂದಿದ್ದರು.

ಗೆದ್ದವರ ಕಡೆಯ ಪರಿಶೀಲಕರು ಬಂದರು. ಅವರಲ್ಲಿ ಹಿರಿಯರು ಒಬ್ಬ ವಯಸ್ಸಾದ ರೈಲ್ವೆಯವರೇ, ಬಿಳಿ ಮೀಸೆಯ ಸಂಭಾವಿತ ಮನುಷ್ಯ. ದಿನಗಟ್ಟಲೆ ಒಂದೊಂದೇ ಇಂಜಿನ್ನಿನ ಕೆಳಗೆ ತೂರಿ ನೋಡಿದರು, ಒಂದನ್ನೂ ತಿರಸ್ಕರಿಸಲಿಲ್ಲ. ಇದು ಎಂಥ ಗೆಲುವು ಎಂಬುದು ಬೇರೆ ಊರುಗಳ ಕಾರ್ಖಾನೆಗಳ ಗತಿ ಬಲ್ಲವರಿಗೆ ಗೊತ್ತು. ಅಲ್ಲಿ ಮರಳು ಸುರಿದ ಶೂರರು ಒಂದಕ್ಕೆ ಎರಡರಂತೆ ಕಳೆದುಕೊಂಡು ಖಾಲಿ ಶೆಡ್ಡಿನಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತರು. ಆದರೆ ಕೊನೆಯ ದಿನ ಆ ಹಿರಿಯರು ಒಂದು ಎಡವಟ್ಟು ಮಾಡಿದರು. ಅಂಗಳದಲ್ಲಿ ಎಲ್ಲರೂ ನೋಡುತ್ತಿರುವಾಗ ಟೋಪಿ ತೆಗೆದು, ಮೇಷ್ಟ್ರ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಇಷ್ಟು ಚೆನ್ನಾಗಿ ಒಪ್ಪಿಸಿದ ಕೆಲಸವನ್ನು ನಾನು ಕಂಡಿಲ್ಲ ಎಂದು ಮೆಚ್ಚಿಕೊಂಡರು. ಒಬ್ಬ ಕೆಲಸಗಾರ ಇನ್ನೊಬ್ಬನಿಗೆ ಹೇಳಿದ ಮಾತು ಅದು, ಪಾಪ. ಕೇಳಿಸಿಕೊಂಡವರಿಗೆ ಮೈ ಉರಿದುಹೋಯಿತು.

ಮರುದಿನದಿಂದಲೇ ಮೇಷ್ಟ್ರಿಗೆ 'ದಾನಶೂರ' ಎಂಬ ಹೆಸರು ಬಿತ್ತು. ಗೋಡೆಯ ಮೇಲೆ ಮಸಿಯಲ್ಲಿ ಬರೆದರು. ಕ್ಯಾಂಟೀನಿನಲ್ಲಿ ಅವರು ಕೂತ ಬೆಂಚಿನಿಂದ ಉಳಿದವರು ಎದ್ದುಹೋದರು. ತಾವೇ ಕೈಹಿಡಿದು ಕಲಿಸಿದ ಫಿಟ್ಟರುಗಳು, ದಾನಶೂರರೇ, ನಮ್ಮ ಮನೆಯ ಮಂಚವೊಂದಿದೆ, ಅದನ್ನೂ ಕಟ್ಟಿ ಕಳಿಸಿಬಿಡಿ ಎಂದು ಚುಚ್ಚಿದರು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೆಲಸ ಮಾಡಿದರು. ಆ ದಿನಗಳಲ್ಲಿ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದು, ಹೆಗಲ ಮೇಲೆ ಕೈಹಾಕಿ ಮಾತಾಡಿಸುತ್ತಿದ್ದವರು ನನ್ನ ತಂದೆ ಒಬ್ಬರೇ. ಈ ಮಾತನ್ನು ನಾನು ಅಪ್ಪನ ಹೆಮ್ಮೆಗಾಗಿ ಬರೆಯುತ್ತಿಲ್ಲ, ಮುಂದೆ ನಡೆದದ್ದಕ್ಕೆ ಇದೇ ಕಾರಣ.

ಚಳಿಗಾಲ ಇಳಿದಿತ್ತು, ಊರಿನಲ್ಲಿ ಕಲ್ಲಿದ್ದಲು ಇರಲಿಲ್ಲ, ಗಣಿ ಬೆಟ್ಟದ ಮೇಲಿತ್ತು. ಬೆಟ್ಟದ ದಾರಿಗೆಂದು ಇಟ್ಟುಕೊಂಡಿದ್ದ ಗಟ್ಟಿ ಇಂಜಿನ್ನನ್ನೂ, ಕೊಡಬೇಕಾದ ಲೆಕ್ಕ ತುಂಬಲಿಲ್ಲವೆಂದು, ಮೇಲಿನವರು ಕೊನೆಗಳಿಗೆಯಲ್ಲಿ ಗಡಿಯ ಆಚೆ ಕಳಿಸಿಬಿಟ್ಟರು. ಅದರ ಜಾಗಕ್ಕೆ ಸವೆದ ಪಂಪಿನ ಒಂದನ್ನು ಬಿಡಿ ಎಂದು ಸಂಚಾರ ಕಚೇರಿ ಆಜ್ಞೆ ಮಾಡಿತು. ಅದನ್ನು ನಡೆಸಿದವರು ನನ್ನ ತಂದೆ. ಬೆಟ್ಟ ಹತ್ತಿ, ಕಲ್ಲಿದ್ದಲು ತುಂಬಿಕೊಂಡು ಇಳಿಯುವಾಗ ಗಾಳಿ ಮುಗಿಯಿತು. ಫೈರ್‌ಮನ್ನಿಗೆ ಹಾರು ಎಂದರು, ಆತ ಹಾರಿದ, ತೋಳು ಮುರಿದುಕೊಂಡು ಉಳಿದ. ಅಪ್ಪ ಹಿಡಿ ಬಿಡಲಿಲ್ಲ. ತಿರುವಿನಲ್ಲಿ ಇಂಜಿನ್ನು ಹಳಿ ಬಿಟ್ಟಿತು. ಆಮೇಲಿನದನ್ನು ಬರೆಯುವ ಶಕ್ತಿ ನನಗಿಲ್ಲ, ನಾನು ಆಗ ಶಾಲೆಗೆ ಹೋಗುವ ಹುಡುಗಿ, ಪಾಠದ ನಡುವೆ ಎದ್ದು ಬಾ ಎಂದು ಕರೆದರು, ಹೋದೆ, ಅಷ್ಟೇ.

ವಿಚಾರಣೆ ನಡೆಯಿತು. ಡ್ರೈವರು ಬ್ರೇಕು ಪರೀಕ್ಷಿಸದೆ ಹೊರಟಿದ್ದರೆ ತಪ್ಪು ಡ್ರೈವರನದು. ಅವನ ಹೆಸರಿಗೆ ಮಸಿ, ಅವನ ಹೆಂಡತಿಗೆ ರೈಲ್ವೆಯಲ್ಲಿ ಕೆಲಸವಿಲ್ಲ, ಮಕ್ಕಳಿಗೆ ಕ್ವಾರ್ಟರ್ಸ್ ಇಲ್ಲ. ಪರೀಕ್ಷಿಸಿದ್ದರೆ ತಪ್ಪು ಪಂಪು ಕೂಡಿಸಿದವನದು. ಮೇಷ್ಟ್ರು ಎದ್ದು ನಿಂತು, ಡ್ರೈವರು ಮೇಲೆ ಹತ್ತಿ ಹಿಡಿಯನ್ನು ಮೂರು ಸಲ ಎಳೆದು ನೋಡಿಯೇ ಹೊರಟ, ಆಗ ಸರಿಯಾಗಿತ್ತು, ಮೇಲೆ ಹೋಗಿ ಕೈಕೊಟ್ಟಿತು, ಕೂಡಿಸಿದವನು ನಾನು ಎಂದರು. ಅಮ್ಮ ಆ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮೇಷ್ಟ್ರನ್ನು ಫೋರ್‌ಮನ್ ಹುದ್ದೆಯಿಂದ ಇಳಿಸಿ, ಅವರ ಕೈಕೆಳಗೆ ಕಲಿತವರ ಕೈಕೆಳಗೆ ಸಾಮಾನ್ಯ ಫಿಟ್ಟರನ್ನಾಗಿ ಹಾಕಿದರು. ಅಮ್ಮನಿಗೆ ಗಾಡಿಗಳ ಸೀಟು ಹೊಲಿಯುವ ವಿಭಾಗದಲ್ಲಿ ಕೆಲಸ ಸಿಕ್ಕಿತು. ಇಬ್ಬರಿಗೂ ಒಂದೇ ಗೇಟು. ಬೆಳಗ್ಗೆ ಅಮ್ಮ ಬರುವುದು ಕಂಡರೆ ಮೇಷ್ಟ್ರು ಪಕ್ಕಕ್ಕೆ ಸರಿದು, ಅವಳು ಒಳಗೆ ಹೋದ ಮೇಲೆ ತಾವು ಹೋಗುತ್ತಿದ್ದರು. ಅಮ್ಮ ಕಂಬವನ್ನು ದಾಟುವ ಹಾಗೆ ಅವರನ್ನು ದಾಟುತ್ತಿದ್ದಳು.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಮ್ಮ ಬಾಗಿಲಲ್ಲಿ ಒಂದು ಮೂಟೆ ಕಲ್ಲಿದ್ದಲು ಇತ್ತು. ಯಾರದೆಂದು ಅಮ್ಮ ಕೇಳಲೂ ಇಲ್ಲ. ದರದರ ಎಳೆದುಕೊಂಡು ಹೋಗಿ ಬೀದಿಯಲ್ಲಿ ಸುರಿದಳು, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ನೆರೆಯವರು ಬಾಚಿಕೊಂಡರು. ಅದಾದ ಮೇಲೆ ಎದುರುಮನೆಯ ಅತ್ತೆ ದಿನಕ್ಕೊಂದು ಬುಟ್ಟಿ ಕಲ್ಲಿದ್ದಲು ಹೊತ್ತು ತರತೊಡಗಿದರು, ನಮ್ಮನೆಯಲ್ಲಿ ಜಾಸ್ತಿಯಾಗಿಬಿಟ್ಟಿದೆ ಕಣಮ್ಮ ಎನ್ನುತ್ತಿದ್ದರು. ಅವರ ಮನೆಯಲ್ಲಿ ಜಾಸ್ತಿ ಇದ್ದದ್ದು ಮಕ್ಕಳು ಮಾತ್ರ, ಅವಕ್ಕೂ ನೆಗಡಿ. ಸುಳ್ಳು ಹೇಳುವಾಗ ಅತ್ತೆಯ ಕಿವಿ ಕೆಂಪಗಾಗುತ್ತಿತ್ತು, ಅಮ್ಮ ಅದನ್ನು ನೋಡಿಯೂ ನೋಡದ ಹಾಗೆ ಬುಟ್ಟಿ ಇಳಿಸಿಕೊಳ್ಳುತ್ತಿದ್ದಳು. ನಾವು ಆ ಚಳಿಯಲ್ಲಿ ಸಾಯಲಿಲ್ಲ.

ವರ್ಷಗಳು ಕಳೆದವು. ಸಂಧಿಯ ಕಟ್ಟು ಸಡಿಲವಾಯಿತು, ಮತ್ತೊಂದು ಮೇಜಿನ ಮೇಲೆ ಮತ್ತೊಂದು ಸಹಿ ಬಿತ್ತು, ಇನ್ನು ಮುಂದೆ ಕೊಡಬೇಕಾಗಿಲ್ಲ ಎಂದರು. ಹೋದ ಇಂಜಿನ್ನುಗಳು ಮಾತ್ರ ಹೋಗಿಯೇ ಹೋದವು. ಹೊಸ ಇಂಜಿನ್ನು ಕಟ್ಟಲು, ನಡೆಸಲು ಹೊಸಬರು ಬೇಕಾದಾಗ ತರಬೇತಿ ಶಾಲೆ ತೆರೆಯಿತು. ಬ್ರೇಕು ಕಲಿಸಲು ಇವರನ್ನು ಬಿಟ್ಟು ಬೇರೆ ಯಾರೂ ಕಾಣದೆ, ಮೇಲಿನವರು ಹಳೆಯದನ್ನು ಹೊಟ್ಟೆಗೆ ಹಾಕಿಕೊಂಡು ಅವರನ್ನೇ ಕರೆದು ನೇಮಿಸಿದರು. ಫೋರ್‌ಮನ್ ಹೋಗಿ ಫಿಟ್ಟರಾಗಿದ್ದವರು ಮೇಷ್ಟ್ರಾದದ್ದು ಹೀಗೆ.

ಅವರ ಪಾಠದ ವಿಚಿತ್ರವನ್ನು ಕಲಿತವರೆಲ್ಲ ಬಲ್ಲರು. ತಾವೇ ಕೈಯಾರೆ ಕೂಡಿಸಿದ ಬ್ರೇಕನ್ನು ಮುಂದಿಟ್ಟು, ಸರಿಯಾಗಿದೆಯೇ ಹೇಳಿ ಎನ್ನುತ್ತಿದ್ದರು. ಮೇಷ್ಟ್ರು ಕೂಡಿಸಿದ್ದು ಎಂಬ ಭಕ್ತಿಯಿಂದ ಯಾವನಾದರೂ ಸರಿಯಾಗಿದೆ ಸಾರ್ ಎಂದನೋ, ಸತ್ತ. ನಾನು ಆ ಶಾಲೆಗೆ ಸೇರಿದ ಮೊದಲ ಹೆಣ್ಣುಮಗಳು. ಅಮ್ಮ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಮೊದಲ ವಾರವೇ ನಾನು ಹಿಡಿಯನ್ನು ಒಂದು ಸಲ ಎಳೆದು, ಮುಳ್ಳು ನೋಡದೆ, ಸರಿಯಾಗಿದೆ ಎಂದೆ. ಅವರ ಮುಖ ಬಿಳುಚಿಕೊಂಡಿತು. "ನನ್ನನ್ನ ನಂಬೋ ಹಾಗಿದ್ರೆ ಎದ್ದು ಹೊರಗೆ ಹೋಗು. ಮರ್ಯಾದೆ ಮನುಷ್ಯನಿಗೆ ಕೊಡು, ಕೆಲಸಕ್ಕೆ ಕೊಡಬೇಡ" ಎಂದು ಕೂಗಿದವರು, ತಾವೇ ಎದ್ದು ಹೊರಗೆ ಹೋಗಿ, ಆ ದಿನ ಮತ್ತೆ ತರಗತಿಗೆ ಬರಲಿಲ್ಲ. ಅವರಿಗೆ ನನ್ನ ಮೇಲೆ ಹಗೆ ಎಂದು ನಾನು ತಿಳಿದೆ, ಎರಡು ದಿನ ಅತ್ತೆ. ಮುಂದೆ ಪರೀಕ್ಷೆಯ ಸಮಯದಲ್ಲಿ, ಹುಡುಗಿಗೆ ಇಂಜಿನ್ನಿನ ಕೆಲಸವೇಕೆ, ನಕ್ಷೆ ಬರೆಯಲು ಕೂರಿಸಿ ಎಂದು ಆಡಳಿತದವರು ತಕರಾರು ತೆಗೆದಾಗ, ಇವಳಷ್ಟು ಅನುಮಾನದ ಪ್ರಾಣಿ ಈ ತಂಡದಲ್ಲಿ ಇನ್ನೊಂದಿಲ್ಲ, ಬ್ರೇಕಿಗೆ ಬೇಕಾದದ್ದೇ ಅದು ಎಂದು ಅವರ ಬಾಯಿ ಮುಚ್ಚಿಸಿದವರೂ ಇವರೇ. ನನಗೆ ಸಿಕ್ಕ ಹೊಗಳಿಕೆಗಳಲ್ಲೆಲ್ಲ ಅದೇ ದೊಡ್ಡದು.

ಇನ್ನೂ ಎಷ್ಟೋ ಬರೆಯಬಹುದು. ಜ್ವರ ಬಂದ ಶಿಷ್ಯನ ಕೋಣೆಗೆ ಹೋಗಿ ಗಂಜಿ ಕಾಯಿಸಿ ಕೊಟ್ಟು, ಅವನು ಧನ್ಯವಾದ ಹೇಳಲು ಬಾಯಿ ತೆಗೆದರೆ, ಮಾತಾಡದೆ ಕುಡಿ ಎಂದು ಗದರಿಸಿದ್ದು. ತಮ್ಮನ್ನು ದಾನಶೂರ ಎಂದು ಗೋಡೆಯ ಮೇಲೆ ಬರೆದವನ ಮಗನನ್ನೇ ತಮ್ಮ ನೆಚ್ಚಿನ ಶಿಷ್ಯನನ್ನಾಗಿ ಬೆಳೆಸಿದ್ದು. ಆ ಮಗನೇ ಇವತ್ತು ಈ ಗ್ರಂಥ ಸಮಿತಿಯ ಕಾರ್ಯದರ್ಶಿಯಾಗಿರುವುದು. ಅವರು ಇದನ್ನು ಓದಿ ಮುಜುಗರಪಟ್ಟುಕೊಳ್ಳುತ್ತಾರೆ, ಪಟ್ಟುಕೊಳ್ಳಲಿ, ಅಪ್ಪನ ಅಕ್ಷರಕ್ಕೆ ಮಗ ಹೊಣೆಯಲ್ಲ.

ಈಗ ಸಮಿತಿಗೂ ಗೊತ್ತಿಲ್ಲದ ಸಂಗತಿಗೆ ಬರುತ್ತೇನೆ. ಅಪ್ಪನ ಇಂಜಿನ್ನಿನಿಂದ ಹಾರಿ ಉಳಿದ ಫೈರ್‌ಮನ್ ಮಾವ ಕಳೆದ ವರ್ಷ ತೀರಿಕೊಂಡರು. ತೀರಿಕೊಳ್ಳುವ ಮುಂಚೆ, ಆಸ್ಪತ್ರೆಯಲ್ಲಿ ನೋಡಲು ಹೋದ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಬೆಳಗ್ಗೆ ಅಂಗಳದಲ್ಲಿ ನಡೆದದ್ದನ್ನು ಹೇಳಿದರು. ಆ ಇಂಜಿನ್ನನ್ನು ಬೆಟ್ಟಕ್ಕೆ ಬಿಡಬೇಡಿ ಎಂದು ಮೇಷ್ಟ್ರು ಸಂಚಾರ ಕಚೇರಿಯವರ ಜೊತೆ ಜಗಳವಾಡಿದ್ದರು. ಡ್ರೈವರು ಪರೀಕ್ಷೆ ಮಾಡಿ ಬೇಡವೆಂದರೆ ನಿಲ್ಲಿಸೋಣ ಎಂದು ಅವರು ಜಾರಿಕೊಂಡಿದ್ದರು. ಹಾಗಾಗಿ ಮೇಷ್ಟ್ರು ಕಾಯುತ್ತಿದ್ದದ್ದು ಅದಕ್ಕೇ: ನನ್ನಪ್ಪ ಬರುತ್ತಾನೆ, ಹಿಡಿ ಎಳೆಯುತ್ತಾನೆ, ಮುಳ್ಳು ತೆವಳುವುದನ್ನು ಕಾಣುತ್ತಾನೆ, ಇದು ಆಗುವುದಿಲ್ಲ ಎನ್ನುತ್ತಾನೆ, ಗೇಟು ಮುಚ್ಚುತ್ತದೆ. ಕಾರ್ಖಾನೆಯವರೆಲ್ಲ ಸುತ್ತ ನಿಂತಿದ್ದರು. ಅಪ್ಪ ಬಂದರು. ಯಾರೋ ಹಿಂದಿನಿಂದ, ದಾನಶೂರನ ಕೆಲಸ, ಸರಿಯಾಗಿ ನೋಡಿಕೊಂಡು ಹತ್ತಪ್ಪ ಎಂದು ಕುಹಕವಾಡಿದರು, ನಾಲ್ಕು ಜನ ನಕ್ಕರು.

ಅಪ್ಪ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಲನ್ನು ಇಳಿಸಿದರಂತೆ. ಮೇಷ್ಟ್ರ ಪಕ್ಕಕ್ಕೆ ಬಂದು, ಹೆಗಲ ಮೇಲೆ ಕೈಹಾಕಿ, ನಕ್ಕವರ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರಂತೆ: "ಇವನು ಮಾಡಿದ್ದನ್ನ ನಾನು ಪರೀಕ್ಷೆ ಮಾಡಬೇಕಾ? ಕೈಗೆ ಬಂತು ಕಣ್ರೋ. ತೆಗೀರಿ ಗೇಟು."

ನೆಲದ ಮೇಲೆ ನಿಂತೇ, ಹಿಡಿ ಮುಟ್ಟದೆ, ಆ ಮಾತು ಹೇಳಿದ್ದರು. ಮೇಷ್ಟ್ರು ಬಾಯಿ ತೆಗೆದರು, ಮುಚ್ಚಿದರು ಎಂದು ಫೈರ್‌ಮನ್ ಮಾವ ಹೇಳಿದರು. ಊರೆಲ್ಲ ಉಗಿದಿದ್ದ ಕಾಲದಲ್ಲಿ ಅಷ್ಟು ಜನರ ಮುಂದೆ ತನ್ನ ಪರವಾಗಿ ನಿಂತ ಒಬ್ಬನೇ ಗೆಳೆಯನಿಗೆ, ನನ್ನ ಕೆಲಸ ನಂಬಬೇಡ ಎಂದು ಹೇಗೆ ಹೇಳುತ್ತಾರೆ? ಹೇಳಬೇಕಾಗಿತ್ತು. ಹೇಳಲಿಲ್ಲ. ಗೇಟು ತೆರೆಯಿತು. ಬಿಳಿ ಮೀಸೆಯ ಒಬ್ಬರ ಮೆಚ್ಚುಗೆ, ಒಂದು ಅಡ್ಡಹೆಸರು, ಒಬ್ಬ ಸ್ನೇಹಿತನ ಧಾರಾಳ, ಇನ್ನೊಬ್ಬನ ಮೌನ. ಸಂಧಿಪತ್ರದಲ್ಲಿ ಬರೆಯದೆ ಇದ್ದ ಇಷ್ಟು ಸೇರಿ ನನ್ನ ತಂದೆಯನ್ನು ಕೊಂದವು. ಅಂಗಳದಲ್ಲಿ ನಿಂತಿದ್ದವರೆಲ್ಲ ವಿಚಾರಣೆಯಲ್ಲಿ ಮೇಷ್ಟ್ರ ಸುಳ್ಳನ್ನು ಕೇಳಿ ತಲೆ ತಗ್ಗಿಸಿದರಂತೆ, ಒಬ್ಬರೂ ಅಲ್ಲ ಎನ್ನಲಿಲ್ಲ. ಗೋಡೆಯ ಮೇಲಿನ ಬರಹ ಮರುದಿನವೇ ಅಳಿಸಿಹೋಗಿತ್ತು.

ನಾನು ಆಸ್ಪತ್ರೆಯಿಂದ ನೆಟ್ಟಗೆ ಮೇಷ್ಟ್ರಲ್ಲಿಗೆ ಹೋದೆ. ಅವರು ಮೇಜಿನ ಮೇಲೆ ಬ್ರೇಕಿನ ಒಂದು ವಾಲ್ವನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡು, ತಲೆ ಎತ್ತದೆ, "ಅವನು ಮೂರು ಸಲ ಎಳೆದು ನೋಡಿದ. ನಾನು ಹೇಳಿದ್ದು ಹಾಗೇ ಇರಲಿ" ಎಂದರು. ವಾಲ್ವನ್ನು ಮತ್ತೆ ಕೂಡಿಸತೊಡಗಿದರು. ನಾನು ಎದ್ದು ಬಂದುಬಿಟ್ಟೆ. ಇವತ್ತು ಅವರ ಮಾತು ಮೀರಿ ಬರೆದಿದ್ದೇನೆ. ಬೈಯುವುದಿದ್ದರೆ ಬೈಯಲಿ, ಅವರಿಂದ ಬೈಸಿಕೊಂಡು ನನಗೆ ಅಭ್ಯಾಸವಿದೆ.

ಇಷ್ಟನ್ನೂ ಬರೆದು, ನಿನ್ನೆ ಸಂಜೆ ಅಮ್ಮನಿಗೆ ಓದಿ ಹೇಳಿದೆ. ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅಪ್ಪ ಹಿಡಿ ಮುಟ್ಟದೆ ಹೊರಟ ಭಾಗ ಬಂದಾಗ ಹಾಳೆಯಿಂದ ಕಣ್ಣೆತ್ತಿ ಅವಳನ್ನು ನೋಡಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತು" ಎಂದಳು. "ನಿಮ್ಮಪ್ಪ ಯಾವತ್ತು ಏನನ್ನ ಮುಟ್ಟಿ ನೋಡಿದ್ದ? ಉಪ್ಪು ಸರಿ ಇದೆಯಾ ನೋಡು ಅಂದ್ರೆ ಬಾಯಿಗೇ ಹಾಕದೆ ಚೆನ್ನಾಗಿದೆ ಅಂತಿದ್ದ. ಮೂರು ಸಲ ಎಳೆದು ನೋಡಿದ ಅಂತ ಅವನು ಆ ಸಭೆಯಲ್ಲಿ ಅಂದಾಗಲೇ ನನಗೆ ತಿಳೀತು, ಸುಳ್ಳು ಹೇಳ್ತಿದ್ದಾನೆ ಅಂತ."

ಹಾಗಾದರೆ ಇಷ್ಟು ವರ್ಷ ಆ ಮನುಷ್ಯನ ಮುಖ ನೋಡದೆ ಯಾಕೆ ಅವರ ಜೀವ ಹಿಂಡಿದೆ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಸುಲಿದ ಸಿಪ್ಪೆಯನ್ನೆಲ್ಲ ಒಂದು ಕಡೆಗೆ ಒತ್ತರಿಸಿದಳು. ಆಮೇಲೆ, ಕೊನೆಗೆ ಏನು ಬರೆಯುತ್ತೀಯ ಎಂದು ಕೇಳಿದಳು. ದೀರ್ಘಾಯುಷ್ಯ ಕೋರುವುದು ಪದ್ಧತಿ, ನಿನ್ನನ್ನು ಕೇಳಿ ಬರೆಯೋಣವೆಂದು ಬಿಟ್ಟಿದ್ದೇನೆ ಎಂದೆ.

"ಬರಿ" ಎಂದಳು. "ನೂರು ವರ್ಷ ಅಂತಾನೇ ಬರಿ. ಅವನೊಬ್ಬ ಇದ್ದಾನೆ ಅಂತ ತಾನೇ ನಾನು ಸಿಟ್ಟು ಮಾಡ್ಕೊಂಡು ಇಷ್ಟು ದಿನ ಬದುಕಿದ್ದು? ಅವನೂ ಹೋದ್ರೆ ಆ ಸಿಟ್ಟು ನಿಮ್ಮಪ್ಪನ ಮೇಲೆ ತಿರುಗುತ್ತೆ ಕಣೇ. ಅದು ನನ್ನ ಕೈಲಿ ಆಗಲ್ಲ."

ಮೇಷ್ಟ್ರೇ, ನಿಮಗೆ ದೀರ್ಘಾಯುಷ್ಯ ಕೋರಲು ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ. ನೀವು ಕಣ್ಣು, ಕೈ, ನಾಲಿಗೆ ಮೂರೂ ಹೀಗೇ ಚುರುಕಾಗಿದ್ದು ನೂರ್ಕಾಲ ಬಾಳಬೇಕು. ಶಾಲೆಯ ಕೆಲಸದಿಂದ ನಿಮಗೆ ನಿವೃತ್ತಿಯಾಯಿತು. ನಮ್ಮಮ್ಮನ ಸಿಟ್ಟನ್ನು ಹೊತ್ತುಕೊಳ್ಳುವ ಕೆಲಸ ಬಾಕಿಯಿದೆ, ಅದಕ್ಕೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ನಮಗಿಲ್ಲ. ಅವಳು ಸಮಾರಂಭಕ್ಕೆ ಬರುತ್ತಾಳೆ. ಮಾತಾಡುವುದಿಲ್ಲವಂತೆ.